ಒಂದು ಹಲ್ಲಿಗೆ ಸ್ಕ್ಯಾನ್, ಪೂರ್ತಿ ದವಡೆಗೆ ಟ್ರೇ: ಮುಲುಂಡ್‌ನ ನಮ್ಮ ಹಲ್ಲಿನ ಕ್ಲಿನಿಕ್

ಇಂಪ್ಲಾಂಟ್ (ಹೋದ ಹಲ್ಲಿನ ಜಾಗದಲ್ಲಿ ದವಡೆ ಎಲುಬಿಗೆ ಕೂರಿಸುವ ಸ್ಕ್ರೂ) ಹಾಕಿಸಿಕೊಳ್ಳುವವರೆಲ್ಲ ಮೊದಲು ಕೇಳೋದು, ನಿಮ್ಮಲ್ಲಿ ಬಾಯೊಳಗೆ ಆಡಿಸಿ ಅಳತೆ ತೆಗೆಯುವ ಸ್ಕ್ಯಾನರ್ ಇದೆಯಾ ಅಂತ. ಯಾರಿಗೆ ಅದನ್ನು ಬಳಸಲ್ಲ ಅಂತಲೂ ಕೇಳಿ. ಮುಂಬೈನ ಮುಲುಂಡ್‌ನ ಈ ಕ್ಲಿನಿಕ್ ನನಗೆ ಇಷ್ಟವಾಗಿದ್ದೇ ಆ ವಿಷಯದಲ್ಲಿ.

ನನ್ನದು ಕೆಳಗಿನ ಒಂದೇ ದವಡೆ ಹಲ್ಲು. ಅಪ್ಪನಿಗೆ ಮೇಲೆ ಒಂದೂ ಹಲ್ಲಿಲ್ಲ. ನನಗೆ ಸ್ಕ್ಯಾನ್ ಮಾಡಿದರು. ಇಂಪ್ಲಾಂಟ್‌ಗೆ ಸ್ಕ್ಯಾನ್ ಬಾಡಿ ಅನ್ನೋ ಸಣ್ಣ ಕಂಬ ತಿರುಗಿಸಿ ಕೂರಿಸಿ, ಸರಿಯಾಗಿ ಕೂತಿದೆಯಾ ಅಂತ ಎಕ್ಸ್‌ರೇ ತೆಗೆದು ನೋಡಿದರು. ಇದು ಬಹಳ ಮುಖ್ಯ, ಯಾಕೆಂದರೆ ಕಂಬ ಚೂರು ಮೇಲೆದ್ದಿದ್ದರೂ ಎಂಥ ದುಬಾರಿ ಸ್ಕ್ಯಾನರ್ ಆದರೂ ತಪ್ಪು ಜಾಗವನ್ನೇ ತೋರಿಸುತ್ತದೆ. ಅಳತೆಗೆ ಅಂತ ಟ್ರೇಯಲ್ಲಿ ತುಂಬಿ ಬಾಯಿಗೆ ಇಡುವ, ವಾಕರಿಕೆ ಬರಿಸುವ ಪೇಸ್ಟ್ ಇಲ್ಲ. ಕ್ಯಾಪ್ ಬಂದಾಗ ಉಜ್ಜಿ ಸರಿಮಾಡುವ ಕೆಲಸವೂ ಹೆಚ್ಚೇನೂ ಇರಲಿಲ್ಲ.

ಅಪ್ಪನಿಗೂ ಹಾಗೇ ಮಾಡಿ ಅಂದೆವು. ಡಾಕ್ಟರ್ ಒಪ್ಪಲಿಲ್ಲ. ಸ್ಕ್ಯಾನರ್ ಇಡೀ ದವಡೆಯನ್ನು ಒಂದೇ ಸಲಕ್ಕೆ ನೋಡಲ್ಲವಂತೆ. ಸಣ್ಣ ಸಣ್ಣ ಚಿತ್ರ ತೆಗೆದು, ಒಂದಕ್ಕೊಂದು ಜೋಡಿಸುತ್ತಾ ಹೋಗುತ್ತದೆ, ಕೌದಿ ಹೊಲಿದ ಹಾಗೆ, ಪ್ರತಿ ಜೋಡಣೆಯಲ್ಲೂ ಚೂರು ಆಚೀಚೆ ಆದರೆ ಆ ತುದಿಗೆ ಹೋಗುವಷ್ಟರಲ್ಲಿ ಎಲ್ಲಾ ಸೇರಿ ದೊಡ್ಡದಾಗುತ್ತದೆ. ಹಲ್ಲಿದ್ದರೆ ಗುರುತು ಸಿಗುತ್ತದೆ. ಬರೀ ವಸಡು ನುಣ್ಣಗೆ, ಒದ್ದೆಯಾಗಿ, ಎಲ್ಲಾ ಕಡೆ ಒಂದೇ ಥರ ಇರುತ್ತದೆ ಅಲ್ವಾ?

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂದರೆ, ಸ್ವಂತ ಹಲ್ಲಿನ ಬೇರಿನ ಸುತ್ತ ತೆಳ್ಳನೆ ನಾರಿನ ಪದರ ಇರುತ್ತದೆ, ಒತ್ತಿದರೆ ಅದು ಸ್ವಲ್ಪ ಬಗ್ಗುತ್ತದೆ. ಇಂಪ್ಲಾಂಟ್ ಎಲುಬಿಗೇ ಅಂಟಿರುತ್ತದೆ, ಅಷ್ಟು ಜಗ್ಗಲ್ಲ. ಸರಿಹೊಂದದ ಸೆಟ್ಟನ್ನು ಬಲವಂತವಾಗಿ ಬಿಗಿದರೆ ಮುಂದೆ ಸ್ಕ್ರೂ ಸಡಿಲ ಆಗಬಹುದು, ಹಲ್ಲು ಒಡೆಯಬಹುದು. ಸೆಟ್ಟಿಗೂ ಇಂಪ್ಲಾಂಟ್‌ಗೂ ನಡುವೆ ಸುಮಾರು 150 ಮೈಕ್ರಾನ್ ತನಕದ ಸಂದು ನಡೆಯುತ್ತದೆ ಅಂತ ಸಾಮಾನ್ಯವಾಗಿ ಹೇಳುವ ಲೆಕ್ಕ ಇದೆ. ಒಂದು ಮಿಲಿಮೀಟರಿಗೆ 1000 ಮೈಕ್ರಾನ್, ನೀವೇ ಅಂದಾಜು ಮಾಡಿ.

ಅಪ್ಪನಿಗೆ ಮಾಡಿದ್ದು ಹಳೇ ಪದ್ಧತಿ. ಇಂಪ್ಲಾಂಟ್‌ಗಳ ಮೇಲಿನ ಕಂಬಗಳನ್ನೆಲ್ಲ ರೆಸಿನ್ (ಗಟ್ಟಿಯಾಗುವ ಪ್ಲಾಸ್ಟಿಕ್ ಥರದ್ದು) ಹಾಕಿ ಒಂದಕ್ಕೊಂದು ಕಟ್ಟಿದರು, ಅದು ಗಟ್ಟಿಯಾಗುವಾಗ ಕುಗ್ಗುತ್ತದೆ ಅಂತ ನಡುವೆ ಕತ್ತರಿಸಿ ಮತ್ತೆ ಕೂಡಿಸಿದರು, ಆಮೇಲೆ ಪೇಸ್ಟ್ ತುಂಬಿದ ಟ್ರೇ ಇಟ್ಟು ಅಳತೆ ತೆಗೆದರು. ವಯಸ್ಸಾದವರಿಗೆ ಅಷ್ಟು ಹೊತ್ತು ಬಾಯಿ ತೆರೆದಿರೋದು ಕಷ್ಟ. ಲ್ಯಾಬ್‌ನಿಂದ ಹಲ್ಲಿನ ಸೆಟ್ಟಿನ ಫ್ರೇಮ್ ಬಂದಾಗ ಒಂದು ತುದಿಯ ಸ್ಕ್ರೂ ಮಾತ್ರ ಬಿಗಿದು ಇನ್ನೊಂದು ತುದಿ ಮೇಲೇಳುತ್ತಾ ಅಂತ ನೋಡಿದರು. ಏಳಲಿಲ್ಲ. ನಿಮ್ಮ ಮನೆಯವರಿಗೆ ಪೂರ್ತಿ ಸೆಟ್ ಮಾಡಿಸುವಾಗ ಈ ಪರೀಕ್ಷೆ ಮಾಡಿಸದೆ ಬಿಡಬೇಡಿ, ಅಳತೆ ಯಾವ ರೀತಿ ತೆಗೆದಿದ್ದರೂ ಸರಿ. ಇಂಪ್ಲಾಂಟ್‌ಗಳ ಜಾಗವನ್ನು ಬಾಯಿಯ ಹೊರಗಿನಿಂದಲೇ ಗುರುತಿಸುವ ಫೋಟೋಗ್ರಾಮೆಟ್ರಿ ಕ್ಯಾಮೆರಾ ಇರುವ ಕಡೆ ಪೂರ್ತಿ ದವಡೆಗೂ ಡಿಜಿಟಲ್ ಚೆನ್ನಾಗಿ ನಡೆಯುತ್ತದೆ. ಇವರ ಹತ್ತಿರ ಅದಿಲ್ಲ, ಇಲ್ಲ ಅಂತಲೇ ಹೇಳಿದರು.

ಬೇಸರದ ವಿಷಯವೂ ಇದೆ. ಅಪಾಯಿಂಟ್‌ಮೆಂಟ್ ಇದ್ದರೂ ತುಂಬಾ ಕಾಯಿಸುತ್ತಾರೆ. ಒಳಗೆ ಡಾಕ್ಟರ್ ಇಷ್ಟು ಚೆನ್ನಾಗಿ ಬಿಡಿಸಿ ಹೇಳುವಾಗ ಕೌಂಟರ್‌ನ ಪಾಂಪ್ಲೆಟ್‌ನಲ್ಲಿ ಡಿಜಿಟಲ್ ಅಂದರೆ ತಪ್ಪೇ ಇಲ್ಲ ಅನ್ನುವಂತೆ ಬರೆದಿದ್ದಾರೆ, ಅದನ್ನು ತೆಗೆಯಬೇಕು. ಸ್ಕ್ಯಾನ್ ಫೈಲ್ ಕೇಳಿದರೆ ಪೆನ್ ಡ್ರೈವ್‌ಗೆ ಹಾಕಿಕೊಡುತ್ತಾರೆ. ಎರಡನೇ ಮಹಡಿ, ಲಿಫ್ಟ್ ಇಲ್ಲ, ಮಂಡಿನೋವು ಇರುವವರನ್ನು ಕರೆದುಕೊಂಡು ಹೋಗುವ ಮುಂಚೆ ಯೋಚಿಸಿ.