ಟೋಡ್‌ಸ್ಟೂಲ್, ಕ್ಸೀನಿಯಾ, ಜೋವಾ: ಹುಬ್ಬಳ್ಳಿ ಸೆಕೆ ತಡೆಯೋ ಹವಳ ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಟೋಡ್‌ಸ್ಟೂಲ್ ಲೆದರ್‌ಗೆ. ಅಣಬೆ ಆಕಾರದ ಮೆತ್ತನೆ ಹವಳ, ಶಾಸ್ತ್ರೀಯ ಹೆಸರು ಸಾರ್ಕೋಫೈಟಾನ್. ನೋಡೋಕೆ ಕ್ಸೀನಿಯಾ ಇದಕ್ಕಿಂತ ಚೆಂದ, ಬಣ್ಣದಲ್ಲಿ ಜೋವಾಂಥಿಡ್ (ಚಿಕ್ಕದಾಗಿ ಜೋವಾ) ಇದಕ್ಕಿಂತ ಮುಂದೆ. ಮೂರನ್ನೂ ಮನೆಯ ಒಂದೇ ಉಪ್ಪುನೀರಿನ ಟ್ಯಾಂಕಿನಲ್ಲಿ, ಒಂದೇ ಲೈಟಿನ ಕೆಳಗೆ ಸಾಕಿದ ಮೇಲೆ ಈ ಮಾತು ಹೇಳುತ್ತಿದ್ದೇನೆ. ಬೆಳಿಗ್ಗೆ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋಗಿ ಸಂಜೆ ಕತ್ತಲಾದ ಮೇಲೆ ಮನೆ ಸೇರುವ ನನ್ನಂಥವರಿಗೆ, ನೀರು ತಂಪು ಮಾಡುವ ಚಿಲ್ಲರ್‌ಗೆ ಹಣ ಹಾಕಲು ಆಗದವರಿಗೆ, ಟೋಡ್‌ಸ್ಟೂಲೇ ಸರಿ.

ಕಲ್ಲು ಹವಳಗಳನ್ನು ಈ ಹೋಲಿಕೆಗೆ ತಂದಿಲ್ಲ. ಗೋನಿಯೋಪೋರಾ, ಯೂಫಿಲಿಯಾ, ಆಕ್ರೋಪೋರಾದಂಥ ಕಲ್ಲು ಹವಳಗಳ ವಿಡಿಯೋ ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ. ಆದರೆ 2001ರಲ್ಲಿ ಕಲ್ಲು ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ ಸೇರಿದವು. ಜೊತೆಗೆ ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆ ಕೂಡ. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. "ಸುಮ್ನೆ ತಗೊಳ್ರಿ ಸರ, ಯಾರು ಕೇಳ್ತಾರ" ಅಂತ ಯಾರಾದರೂ ಅಂದರೂ ಬೇಡ. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಹೋಗಿ ನೀರಿನೊಳಗೆ ಇಳಿದು ನೋಡಿ ಬನ್ನಿ, ಅಲ್ಲಿಂದ ಒಂದು ಚೂರೂ ಎತ್ತಿಕೊಂಡು ಬರಬೇಡಿ. ಮೆತ್ತನೆ ಹವಳ ಕೊಳ್ಳುವಾಗಲೂ ಟ್ಯಾಂಕಿನಲ್ಲೇ ಬೆಳೆಸಿ ಕತ್ತರಿಸಿದ ತುಂಡನ್ನೇ ಕೇಳಿ, ಬಿಲ್ ಇಸ್ಕೊಳ್ಳಿ. ಬಂಡೆಗೂ ಸಮುದ್ರದ ಹವಳ ಬೇಕಿಲ್ಲ, ಕೃತಕ ಕಲ್ಲು ಸಿಗುತ್ತದೆ. ನನ್ನ ಟ್ಯಾಂಕಿನಲ್ಲಿ ಇರುವುದೂ ಅದೇ.

ಈಗ ಕ್ಸೀನಿಯಾ. ಇದರ ಚೆಂದ ಒಪ್ಪಲೇಬೇಕು. ಪ್ರತಿ ಪಾಲಿಪ್‌ಗೆ, ಅಂದರೆ ಹವಳದ ಪುಟ್ಟ ಹೂವಿನಂಥ ಒಂದೊಂದು ಜೀವಕ್ಕೆ, ಎಂಟು ಬೆರಳು, ಎಳೆ ಕೂಸು ಮುಷ್ಟಿ ಬಿಚ್ಚಿ ಮುಚ್ಚಿದ ಹಾಗೆ ಒಂದೇ ಸಮನೆ ಆಡುತ್ತಿರುತ್ತವೆ. ಈ ಆಟ ಊಟ ಹಿಡಿಯಲಿಕ್ಕೆ ಅಲ್ಲ. 2013ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಕೆಂಪು ಸಮುದ್ರದಲ್ಲಿ ಇದರ ಹತ್ತಿರದ ಬಂಧು ಹೆಟೆರೋಕ್ಸೀನಿಯಾವನ್ನು ಗಮನಿಸಿ ಕಾರಣ ತೋರಿಸಿದರು. ಹವಳದ ಮೈಯೊಳಗೆ ಪಾಚಿ ಇರುತ್ತದಲ್ವಾ, ಅದು ಬೆಳಕಿನಲ್ಲಿ ಆಹಾರ ತಯಾರಿಸುವಾಗ ಆಮ್ಲಜನಕ ಸುತ್ತಲೇ ತುಂಬಿಕೊಳ್ಳುತ್ತದೆ. ಬೆರಳು ಆಡಿಸಿದರೆ ಅದು ದೂರ ಹೋಗುತ್ತದೆ, ಪಾಚಿಯ ಕೆಲಸ ಜೋರಾಗುತ್ತದೆ. ದಿನಕ್ಕೊಮ್ಮೆ, ಮಧ್ಯಾಹ್ನದ ಹೊತ್ತಿಗೆ, ಅದು ಸ್ವಲ್ಪ ಹೊತ್ತು ಆಟ ನಿಲ್ಲಿಸುತ್ತದೆ ಅನ್ನುವುದನ್ನೂ ಅವರು ಕಂಡರು. ಇದನ್ನು ಓದಿದ ಮೇಲೆ ಗಾಜಿನ ಮುಂದಿನಿಂದ ಏಳಲಿಕ್ಕೇ ಮನಸ್ಸು ಬರುತ್ತಿರಲಿಲ್ಲ.

ಆದರೆ ಇದು ಪ್ರಯಾಣ ತಡೆಯುವುದಿಲ್ಲ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಥರ್ಮಾಕೋಲ್ ಡಬ್ಬಿಯಲ್ಲಿ ಮೂರೂ ಒಟ್ಟಿಗೇ ಬಂದವು. ಟೋಡ್‌ಸ್ಟೂಲ್ ಚೀಲದ ನೀರು ತಿಳಿಯಾಗಿತ್ತು, ಜೋವಾದ್ದೂ ಅಷ್ಟೆ. ಕ್ಸೀನಿಯಾ ಚೀಲ ಬಿಚ್ಚಿದರೆ ಮಬ್ಬು ನೀರು, ಕೊಳೆತ ವಾಸನೆ, ಬುಡದಲ್ಲಿ ಲೋಳೆ. ಅರ್ಧ ದಂಟು ಉಳಿದಿತ್ತು. ಅದು ಚೇತರಿಸಿಕೊಂಡು ಮತ್ತೆ ಬೆರಳು ಆಡಿಸಿದ ದಿನ ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ.

ಇನ್ನು ಈ ಮೂರರ ಹಣೆಬರಹ ಬರೆದ ವಿಷಯಕ್ಕೆ ಬರುತ್ತೇನೆ. ಅದು ಆವಿಯಾಗಿ ಹೋಗುವ ನೀರು.

ರೀಫ್ ಟ್ಯಾಂಕಿಗೆ, ಅಂದರೆ ಹವಳದ ಟ್ಯಾಂಕಿಗೆ, 24ರಿಂದ 27 ಡಿಗ್ರಿ ಇದ್ದರೆ ಚೊಲೊ. ನಮ್ಮಲ್ಲಿ ಏಪ್ರಿಲ್, ಮೇ ಬಂದರೆ ಹೊರಗೆ 37, 38. ಬಾಗಿಲು ಹಾಕಿದ ಮನೆಯೊಳಗೆ ಟ್ಯಾಂಕು ಆರಾಮಾಗಿ 30 ದಾಟುತ್ತದೆ. ಅಷ್ಟು ಬಿಸಿ ಬಹಳ ದಿನ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. 1998, 2010, 2016ರಲ್ಲಿ ಲಕ್ಷದ್ವೀಪದ ಹವಳಗಳಿಗೆ ಆಗಿದ್ದೂ ಇದೇ. ಒಳ್ಳೆ ಚಿಲ್ಲರ್‌ನ ಬೆಲೆ ನನ್ನ ಇಡೀ ಟ್ಯಾಂಕಿಗಿಂತ ಜಾಸ್ತಿ, ಹಾಗಾಗಿ ನಾನು ನೀರಿನ ಮೇಲೆ ಗಾಳಿ ಬೀಳುವ ಹಾಗೆ ಎರಡು ಸಣ್ಣ ಫ್ಯಾನ್ ಹಾಕಿದೆ. ಬಿಸಿ ಎರಡು ಮೂರು ಡಿಗ್ರಿ ಇಳಿಯಿತು. ನಮ್ಮ ಬೇಸಿಗೆಯ ಒಣ ಹವೆಗೆ ಫ್ಯಾನ್ ಚೆನ್ನಾಗಿ ಕೆಲಸ ಮಾಡುತ್ತದೆ, ಕರಾವಳಿಯ ಜಿಗಿಜಿಗಿ ಸೆಕೆಗೆ ಇಷ್ಟು ಮಾಡಲಿಕ್ಕಿಲ್ಲ.

ಫ್ಯಾನ್ ತಂಪು ಮಾಡುವುದೇ ನೀರನ್ನು ಆವಿ ಮಾಡಿ. ನನ್ನದು ಮೂರು ಅಡಿ ಟ್ಯಾಂಕು, ಕಲ್ಲು ಕಳೆದರೆ ನೀರು ಸುಮಾರು 100 ಲೀಟರ್. ಮೇ ತಿಂಗಳಲ್ಲಿ ದಿನಕ್ಕೆ ಮೂರು ಲೀಟರ್ ಹತ್ತಿರ ಹಾರಿ ಹೋಗುತ್ತಿತ್ತು. ನೀರು ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಸಾವಿರಕ್ಕೆ 35 ಇದ್ದ ಸಲಿನಿಟಿ (ನೀರಿನ ಉಪ್ಪಿನ ಪ್ರಮಾಣ) ಒಂದು ದಿನಕ್ಕೆ 36 ದಾಟುತ್ತದೆ, ಎರಡನೇ ದಿನ 37 ದಾಟುತ್ತದೆ. ಆಮೇಲೆ ಸಂಜೆ ಬಂದು ಆರು ಲೀಟರ್ ಸಿಹಿನೀರು ಒಮ್ಮೆಲೇ ಸುರಿದರೆ ದಿಢೀರನೆ 35ಕ್ಕೆ ಇಳಿಯುತ್ತದೆ. ಮೀನು ಹೇಗೋ ತಡೆದುಕೊಳ್ಳುತ್ತವೆ. ಕ್ಸೀನಿಯಾ ತಡೆಯುವುದಿಲ್ಲ. ಒಂದು ಸಂಜೆ ಬೆರಳಾಟ ನಿಂತಿತ್ತು, ಮರುದಿನ ದಂಟು ಬಾಗಿತ್ತು, ಅದರ ಮರುದಿನ ಕಲ್ಲಿನ ಮೇಲೆ ಬರೀ ಬಿಳಿ ಲೋಳೆ. ಜೋವಾ ಬಾಯಿ ಮುಚ್ಚಿಕೊಂಡು ಕುಳಿತಿತ್ತು, ನೀರು ಸ್ಥಿರವಾದ ಮೇಲೆ ಒಂದೊಂದೇ ಬಿಚ್ಚಿತು. ಟೋಡ್‌ಸ್ಟೂಲ್ ಪಾಲಿಪ್‌ಗಳನ್ನೆಲ್ಲ ಒಳಗೆಳೆದುಕೊಂಡು, ಛತ್ರಿ ಇಳಿಬಿಟ್ಟು ನಿಂತಿತ್ತು. ಬಣ್ಣ ಸ್ವಲ್ಪ ಮಾಸಿತು, ಅಷ್ಟೇ. ಜೂನ್ ಮಳೆ ಹಿಡಿದು ಟ್ಯಾಂಕು 26ಕ್ಕೆ ಬಂದಾಗ ಮೊದಲಿಗಿಂತ ಅಗಲವಾಗಿ ಅರಳಿತು.

ಇನ್ನು ತುಂಬುವ ನೀರು ಎಂಥದ್ದು ಅನ್ನುವುದೇ ದೊಡ್ಡ ತಲೆನೋವು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಬೋರಿನ ನೀರು ಬಿಡಿ, ಅದು ಗಡಸು. ಮಲಪ್ರಭೆ ನೀರು ಒಳ್ಳೆಯದೇ, ಆದರೆ ಅದರಲ್ಲಿ ಕ್ಲೋರಿನ್ ಇರುತ್ತದೆ, ಲವಣ ಇರುತ್ತದೆ, ಬರುವುದೂ ಕೆಲವು ದಿನಕ್ಕೊಮ್ಮೆ. ಅಡುಗೆಮನೆ ಆರ್‌ಓ ನೀರು ಸಾಕಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಸಾಲದು. ಕುಡಿಯುವ ನೀರಿನ ಆರ್‌ಓದಲ್ಲಿ ರುಚಿಗಾಗಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣ) ಕಂಟ್ರೋಲರ್ ಅಂತ ಒಂದು ಸಣ್ಣ ತಿರುಪು ಇರುತ್ತದೆ. ಅದು ಮೆಂಬ್ರೇನ್ ದಾಟದ ನೀರನ್ನು ಸ್ವಲ್ಪ ಸ್ವಲ್ಪ ಬೆರೆಸುತ್ತಲೇ ಇರುತ್ತದೆ. ನನ್ನ ಟಿಡಿಎಸ್ ಮೀಟರ್ 60ರ ಮೇಲೆ ತೋರಿಸುತ್ತಿತ್ತು. ನಮಗೆ ಅದು ಒಳ್ಳೆಯ ನೀರು. ಟ್ಯಾಂಕಿಗೆ ದಿನಕ್ಕೆ ಮೂರು ಲೀಟರ್ ಲೆಕ್ಕದಲ್ಲಿ ಹೋದರೆ ತಿಂಗಳಿಗೆ 90 ಲೀಟರ್, ಅಂದರೆ ಹತ್ತಿರ ಹತ್ತಿರ ಟ್ಯಾಂಕಿನಷ್ಟೇ ನೀರಿನ ಲವಣ ಒಳಗೇ ಸೇರುತ್ತಾ ಹೋಗುತ್ತದೆ. ಅದರಲ್ಲಿ ನೈಟ್ರೇಟ್, ಫಾಸ್ಫೇಟ್ ಇದ್ದರೆ ಮೊದಲು ಕಾಣುವುದು ಕಲ್ಲಿನ ಮೇಲಿನ ಹಸಿರು ಕೂದಲು ಪಾಚಿ.

ಉಪಾಯ ದುಬಾರಿ ಏನಲ್ಲ. ರಿಪೇರಿಯವರನ್ನು ಕರೆದು ಬೇರೆ ನಲ್ಲಿಗೆ ಒಂದು ಕವಲು ತೆಗೆಸಿದೆ, ಅದಕ್ಕೆ ಕಂಟ್ರೋಲರ್ ನೀರು ಸೇರದಂತೆ ಮಾಡಿ, ಕೊನೆಗೆ ಉಳಿದ ಲವಣವನ್ನೂ ಹೀರಿಕೊಳ್ಳುವ ಡಿಐ ರೆಸಿನ್ ಡಬ್ಬಿ ಹಾಕಿಸಿದೆ. ಈಗ ಮೀಟರಿನಲ್ಲಿ ಸೊನ್ನೆ. ಆರ್‌ಓ ಹೊರಬಿಡುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು ಬಳಸುತ್ತೇವೆ, ನಮ್ಮೂರಲ್ಲಿ ಅದನ್ನು ಮೋರಿಗೆ ಬಿಡಲು ಮನಸ್ಸು ಬರುವುದಿಲ್ಲ. ಸೊನ್ನೆ ನೀರನ್ನು 20 ಲೀಟರ್ ಕ್ಯಾನಿಗೆ ತುಂಬಿ ಕಪಾಟಿನ ಮೇಲೆ ಇಟ್ಟು, ಸಣ್ಣ ಪೈಪಿನ ತುದಿಗೆ ಬಾಲ್‌ಕಾಕ್ ಕೂಡಿಸಿದ್ದೇನೆ. ನೀರು ಬೆರಳಿನ ದಪ್ಪ ಇಳಿಯುವುದರೊಳಗೆ ತಾನೇ ತುಂಬುತ್ತದೆ. ಕರೆಂಟ್ ಬೇಕಿಲ್ಲ. ಇದನ್ನು ಮಾಡಿದ ಮೇಲೆ ಸಲಿನಿಟಿ ಅಲುಗಾಡಿಲ್ಲ. ಹಾಗಾದರೆ ಈಗ ಮತ್ತೆ ಕ್ಸೀನಿಯಾ ತರಬಹುದಲ್ಲ ಅನ್ನಬಹುದು. ಬಾಲ್‌ಕಾಕ್ ಸಲಿನಿಟಿಯನ್ನು ಹಿಡಿದು ನಿಲ್ಲಿಸುತ್ತದೆ, ಬಿಸಿಯನ್ನಲ್ಲ. ಮೇ ತಿಂಗಳ ಮಧ್ಯಾಹ್ನ ಕರೆಂಟ್ ಹೋಗಿ ಫ್ಯಾನೂ, ಟ್ಯಾಂಕಿನ ನೀರು ಓಡಾಡಿಸುವ ವೇವ್‌ಮೇಕರೂ ನಿಂತಾಗ ಮನೆಯಲ್ಲಿ ನಾನಿರುವುದಿಲ್ಲ.

ಟೋಡ್‌ಸ್ಟೂಲಿಗೂ ಒಂದು ಅಭ್ಯಾಸ ಇದೆ, ತಿಳಿದಿರಲಿ. ಆಗಾಗ ಪೊರೆ ಬಿಡುತ್ತದೆ. ಪಾಲಿಪ್‌ಗಳು ಒಳಗೆ ಹೋಗುತ್ತವೆ, ಮೇಲೆ ಮೇಣದಂಥ ತೆಳು ಪದರ ಕಟ್ಟುತ್ತದೆ, ಇಡೀ ಛತ್ರಿ ಬೂದು ಬಣ್ಣಕ್ಕೆ ತಿರುಗಿ ಒಂದು ವಾರ, ಕೆಲವು ಸಲ ಇನ್ನೂ ಜಾಸ್ತಿ, ಹಾಗೇ ಇರುತ್ತದೆ. ಮೊದಲ ಸಲ ನೋಡಿದ ಅವ್ವ "ಸತ್ತೈತಲೋ ಅದು, ತಗದ ಒಗಿ, ನೀರ ಕೆಡಸ್ತೈತಿ" ಅಂದಳು. ಸತ್ತಿರಲಿಲ್ಲ. ಮುಟ್ಟಿದರೆ ಗಟ್ಟಿಯಾಗಿತ್ತು, ವಾಸನೆ ಇರಲಿಲ್ಲ. ಕೊಳೆಯುವ ಹವಳ ಮೆತ್ತಗಾಗುತ್ತದೆ, ಕಪ್ಪು ಕಲೆ ಬೀಳುತ್ತದೆ, ನಾರುತ್ತದೆ. ವೇವ್‌ಮೇಕರಿನ ಹರಿವನ್ನು ಸ್ವಲ್ಪ ಅದರ ಕಡೆ ತಿರುಗಿಸಿದೆ. ಪದರ ಅಂಚಿನಿಂದ ಎದ್ದು, ಗಾಳಿಗೆ ಪರದೆ ಅಲುಗಾಡುವಂತೆ ಅಲುಗಾಡಿ, ಕೊನೆಗೆ ಪೂರ್ತಿ ಕಳಚಿ ಫಿಲ್ಟರಿಗೆ ಹೋಯಿತು. ಕೆಳಗೆ ಹೊಸ ಕೆನೆಬಣ್ಣದ ಮೈ, ಸಂಜೆಯೊಳಗೆ ಪಾಲಿಪ್‌ಗಳೆಲ್ಲ ಹೊರಗೆ. ಈಗ ಅವ್ವನೇ "ಪೊರಿ ಬಿಡಾಕತ್ತೈತಿ" ಅಂತ ಫೋನ್ ಮಾಡಿ ಹೇಳುತ್ತಾಳೆ.

ಟೋಡ್‌ಸ್ಟೂಲ್ ನೀರಿಗೆ ರಾಸಾಯನಿಕ ಬಿಡುತ್ತದೆ, ಅಕ್ಕಪಕ್ಕದ ಹವಳಗಳನ್ನು ಹತ್ತಿರ ಬರಗೊಡದಿರಲು. ಫಿಲ್ಟರಿನಲ್ಲಿ ಆಕ್ಟಿವೇಟೆಡ್ ಕಾರ್ಬನ್ ಇಡಿ, ಸುತ್ತ ಜಾಗ ಬಿಡಿ. ಒಂದು ಅಡಿಗಿಂತ ಅಗಲ ಬೆಳೆಯಬಲ್ಲದು.

ಜೋವಾ ಬಗ್ಗೆ ನನಗೆ ಬೇಸರ ಏನಿಲ್ಲ, ಹೆದರಿಕೆ ಇದೆ. ಗಟ್ಟಿ ಜೀವ, ಅಗ್ಗ, ಬಣ್ಣ ಅಂತೂ ಕಣ್ಣು ಕುಕ್ಕುತ್ತದೆ. ಆದರೆ ಜೋವಾ ಮತ್ತು ಅದರ ಬಂಧು ಪಾಲಿಥೋವಾ ಕೆಲವದರಲ್ಲಿ ಪಾಲಿಟಾಕ್ಸಿನ್ ಅನ್ನೋ ವಿಷ ಇರುತ್ತದೆ. 1971ರಲ್ಲಿ ಹವಾಯಿಯಲ್ಲಿ ಮೊದಲು ಬೇರ್ಪಡಿಸಿದ ಇದು ಜೀವಿಗಳು ತಯಾರಿಸುವ ಅತಿ ತೀಕ್ಷ್ಣ ವಿಷಗಳಲ್ಲಿ ಒಂದು. ಯಾವುದರಲ್ಲಿ ಇದೆ, ಯಾವುದರಲ್ಲಿ ಇಲ್ಲ ಅಂತ ಕಣ್ಣಿಗೆ ತಿಳಿಯುವುದಿಲ್ಲ. ಕತ್ತರಿಸುವಾಗ ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಅದು ಅಂಟಿರುವ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸಬಾರದು, ಆ ಹಬೆ ಕುಡಿದು ಆಸ್ಪತ್ರೆ ಸೇರಿದವರಿದ್ದಾರೆ. ಕುರ್ಚಿ ಹತ್ತಿ ಟ್ಯಾಂಕಿನೊಳಗೆ ಕೈ ಹಾಕುವ ಚಿಕ್ಕ ಮಕ್ಕಳಿರುವ ಮನೆಗೆ ನಾನು ಜೋವಾ ಹೇಳುವುದಿಲ್ಲ.

ಲೈಟು ಮೂರಕ್ಕೂ ಸಾಧಾರಣ ಎಲ್‌ಇಡಿ ಸಾಕು, ದಿನಕ್ಕೆ ಎಂಟು ಗಂಟೆ. ಊಟ ಬೇರೆ ಹಾಕಬೇಕಿಲ್ಲ.

ಉಪ್ಪು ಮಾತ್ರ ರೀಫ್ ಸಾಲ್ಟೇ ಕೊಳ್ಳಿ. ಅಂಕೋಲಾ ಹತ್ತಿರವೇ ಇದೆಯಲ್ಲ, ಸಮುದ್ರದ ನೀರೇ ಕ್ಯಾನಿನಲ್ಲಿ ತರೋಣ ಅಂತ ಗದಗಿನ ಗೆಳೆಯ ಹೇಳುತ್ತಿದ್ದ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿ ಸೇರಿ, ಗಂಗಾವಳಿ ಅನ್ನಿಸಿಕೊಂಡು ಅಲ್ಲೇ ಸಮುದ್ರಕ್ಕೆ ಬೀಳುತ್ತದೆ. ಮಳೆಗಾಲದಲ್ಲಿ ದಡದ ನೀರಿನ ಉಪ್ಪು ಎಷ್ಟು ಅಂತ ಭರವಸೆ ಇಲ್ಲ.

ಮನೆಯಲ್ಲಿ ಹಗಲು ಯಾರಾದರೂ ಇದ್ದು, ಚಿಲ್ಲರ್ ಇದ್ದು, ಇನ್ವರ್ಟರ್ ಇದ್ದರೆ ಕ್ಸೀನಿಯಾ ಖಂಡಿತ ಇಡಿ. ಬೇರೆ ಕಲ್ಲುಗಳಿಂದ ದೂರ, ಒಂಟಿ ಕಲ್ಲಿನ ಮೇಲೆ ಇಡಿ, ಯಾಕೆಂದರೆ ಒಗ್ಗಿದರೆ ಕಳೆಯಂತೆ ಹಬ್ಬುತ್ತದೆ. ಅಷ್ಟೆಲ್ಲ ಇಲ್ಲದವರು ಟೋಡ್‌ಸ್ಟೂಲ್ ತಗೊಳ್ಳಿ, ಅದನ್ನೂ ನವೆಂಬರಿನಿಂದ ಜನವರಿಯೊಳಗೆ ತರಿಸಿ. ಆಗ ಬಸ್ಸಿನ ಡಬ್ಬಿಯೂ ತಂಪು, ಟ್ಯಾಂಕೂ ತಂಪು, ಸೆಕೆ ಶುರುವಾಗುವುದರೊಳಗೆ ಅದಕ್ಕೆ ಬೇರೂರಲು ಎರಡು ಮೂರು ತಿಂಗಳು ಸಿಗುತ್ತದೆ.