ಕೆಲಸ ಬಲ್ಲವರು ಜೋಡಿಸಿದ ಪೇಂಟ್ ಅಂಗಡಿ

ನಾನು ಪೇಂಟಿಂಗ್ ಮೇಸ್ತ್ರಿ. ಶಿವಮೊಗ್ಗದ ವಿನೋಬನಗರದಲ್ಲಿ ನಾನು ಸಾಮಾನು ತರುವ ಹಾರ್ಡ್‌ವೇರ್ ಅಂಗಡಿ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಬಣ್ಣ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಇಲ್ಲಿ ನನಗೆ ಇಷ್ಟವಾಗಿದ್ದು ಸಾಮಾನು ಜೋಡಿಸಿರುವ ರೀತಿ.

ಎಷ್ಟೋ ಕಡೆ ಡಬ್ಬಗಳು ಮಾತ್ರ ಎದುರಿಗೆ ಇರುತ್ತವೆ. ಬ್ರಶ್ಶು, ಎಮರಿ ಪೇಪರ್ ಎಲ್ಲ ಕೌಂಟರ್ ಹಿಂದೆ. ಕೇಳಿದರಷ್ಟೇ ಕೊಡುತ್ತಾರೆ. ಈ ಅಂಗಡಿಯಲ್ಲಿ ಎಡಗಡೆ ಗೋಡೆಯುದ್ದಕ್ಕೂ ಕೆಲಸ ನಡೆಯುವ ಕ್ರಮದಲ್ಲೇ ಎಲ್ಲ ಇಟ್ಟಿದ್ದಾರೆ. ಮೊದಲು ಹಳೇ ಬಣ್ಣ ಕೆರೆಯುವ ಪಟ್ಟಿ, ಬಿರುಕು ತುಂಬುವ ಪೇಸ್ಟ್. ಆಮೇಲೆ ಗೋಡೆ ಸಮ ಮಾಡುವ ಪುಟ್ಟಿ, ಪಕ್ಕದಲ್ಲೇ ಅದನ್ನು ಉಜ್ಜುವ ಎಮರಿ ಪೇಪರ್. ನಂತರ ಬಣ್ಣ ಚೆನ್ನಾಗಿ ಹಿಡಿಯಲಿ ಅಂತ ಮೊದಲು ಹೊಡೆಯುವ ಪ್ರೈಮರ್, ಕೊನೆಗೆ ಬಣ್ಣ. ಮೊದಲ ಸಲ ಮನೆಗೆ ತಾವೇ ಬಣ್ಣ ಹೊಡೆಯುವವರು ಆ ಗೋಡೆ ಪಕ್ಕ ನಡೆದುಕೊಂಡು ಹೋದರೆ ಸಾಕು, ಏನೂ ಬಿಟ್ಟುಹೋಗುವುದಿಲ್ಲ.

ಎಮರಿ ಪೇಪರ್ ಇಟ್ಟಿರುವುದನ್ನಂತೂ ನೋಡಲೇಬೇಕು. 80, 120, 180, 220, 320, ಒಂದೊಂದಕ್ಕೂ ಬೇರೆ ಗೂಡು. 80ರ ಮೇಲೆ ‘ಒರಟು’, 320ರ ಮೇಲೆ ‘ನುಣುಪು’ ಅಂತ ಕನ್ನಡದಲ್ಲೇ ದಪ್ಪಗೆ ಬರೆದಿದ್ದಾರೆ. ನಂಬರ್ ದೊಡ್ಡದಾದರೆ ಒರಟು ಜಾಸ್ತಿ ಅಂದುಕೊಳ್ಳುವವರು ತುಂಬಾ ಜನ. ಪುಟ್ಟಿಯ ಕೊನೇ ಕೋಟ್ ಮೇಲೆ 80 ಉಜ್ಜಿದರೆ ಗೀರು ಬಿದ್ದು, ಬಣ್ಣ ಹೊಡೆದ ಮೇಲೂ ಎದ್ದು ಕಾಣುತ್ತದೆ. ಆಮೇಲೆ ಬಣ್ಣವನ್ನೇ ಬಯ್ಯುತ್ತಾರೆ ಅಲ್ವಾ?

ಎಣ್ಣೆ ಬಣ್ಣ ತೆಳು ಮಾಡುವ ಟರ್ಪೆಂಟೈನ್ ಇರುವುದು ಎನಾಮೆಲ್, ಅಂದರೆ ಎಣ್ಣೆ ಬಣ್ಣದ ಡಬ್ಬಗಳ ಕೆಳಗಿನ ಸಾಲಿನಲ್ಲಿ ಮಾತ್ರ. ನೀರು ಬೆರೆಸುವ ಗೋಡೆ ಬಣ್ಣ ಎಮಲ್ಷನ್ ಹತ್ತಿರ ಒಂದು ಬಾಟಲಿಯೂ ಇಲ್ಲ. ಕಿಟಕಿ ಸರಳಿಗೆ ತುಕ್ಕು ಹಿಡಿಯದಂತೆ ಹೊಡೆಯುವ ರೆಡ್ ಆಕ್ಸೈಡ್, ಮರದ ಪ್ರೈಮರ್, ಗೋಡೆ ಪ್ರೈಮರ್ ಬೇರೆ ಬೇರೆ ಸಾಲಿನಲ್ಲಿವೆ. ಅಂಗಡಿ ಹುಡುಗನೂ ಬಣ್ಣದ ಹೆಸರು ಕೇಳುವ ಮೊದಲು, “ಅಮ್ಮ, ಹೊಸ ಗೋಡೇನಾ, ಹಳೇದಾ?” ಅಂತ ಕೇಳುತ್ತಾನೆ. ಕೇಳಬೇಕಾದ ಪ್ರಶ್ನೆ ಅದೇ.

ನಮ್ಮ ಕಡೆ ಮಳೆಗಾಲದ ಥಂಡಿ ಗೊತ್ತಲ್ಲ. ಸಿಮೆಂಟ್ ಪುಟ್ಟಿಗೆ ತೇವ ತಗುಲಿದರೆ ಗಂಟುಗಟ್ಟುತ್ತದೆ, ಆ ಚೀಲ ಎಸೆಯಬೇಕಷ್ಟೇ. ಇವರು 40 ಕೆಜಿ ಚೀಲಗಳನ್ನು ಗೋಡೆಗೆ ತಾಗಿಸದೆ ಹಲಗೆ ಮೇಲೆ ಪೇರಿಸಿದ್ದಾರೆ. ತಯಾರಾದ ತಾರೀಕು ಹೊರಗೆ ಕಾಣುತ್ತದೆ, ಮೊದಲು ಬಂದ ಚೀಲ ಮುಂದಿರುತ್ತದೆ. ಒಂದೇ ಬಣ್ಣದ ಎರಡು ಬಕೆಟ್ ಕೇಳಿದರೆ ಬ್ಯಾಚ್ ನಂಬರ್ ಒಂದೇನಾ ಅಂತ ಅವರೇ ನೋಡಿ ಕೊಡುತ್ತಾರೆ. ಬ್ಯಾಚ್ ಬೇರೆಯಾದರೆ ಒಂದೇ ಗೋಡೆಯಲ್ಲಿ ಬಣ್ಣ ಎರಡು ತರ ಕಾಣಬಹುದು.

ಸರಿಮಾಡಬೇಕಾದ್ದೂ ಇದೆ. ಬ್ರಶ್ಶುಗಳನ್ನು ಟ್ರೇನಲ್ಲಿ ಗುಡ್ಡೆ ಹಾಕಿದ್ದಾರೆ, ಕೂದಲು ಬಾಗುತ್ತದೆ. ಅವನ್ನು ನೇತುಹಾಕಬೇಕು. ಶೇಡ್ ಕಾರ್ಡುಗಳ ಬೋರ್ಡು ಒಳಗೆ ಟ್ಯೂಬ್‌ಲೈಟ್ ಕೆಳಗಿದೆ. ಆ ಬೆಳಕಿನಲ್ಲಿ ಕೆನೆ ಬಣ್ಣವೂ ಬಿಳಿ ಅನ್ನಿಸುತ್ತದೆ. ಬಾಗಿಲ ಹತ್ತಿರ ಹಾಕಿ ಅಂತ ಯಜಮಾನರಿಗೆ ಹೇಳಿದ್ದೇನೆ. ಅಲ್ಲಿಯವರೆಗೆ ನೀವು ಕಾರ್ಡನ್ನು ರಸ್ತೆ ಬದಿಗೆ ತಂದು ಬಿಸಿಲಲ್ಲಿ ನೋಡಿ, ಅವರು ಬೇಡ ಅನ್ನುವುದಿಲ್ಲ.