ಬೆಂಗಳೂರು–ಮಂಗಳೂರು ವಿಮಾನ: ಟಿಕೆಟ್‌ನಲ್ಲಿ ಒಂದು ಗಂಟೆ, ಮನೆಯಿಂದ ಮನೆಗೆ ಆರೂವರೆ

ಆರು ವರ್ಷದಿಂದ ಈ ದಾರಿಯಲ್ಲಿ ಓಡಾಡುತ್ತಿದ್ದೇನೆ. ನಾನಿರುವುದು ಜಯನಗರದಲ್ಲಿ, ಅಪ್ಪ ಅಮ್ಮ ಪುತ್ತೂರಿನಲ್ಲಿ. ವರ್ಷಕ್ಕೆ ಏಳೆಂಟು ಸಲವಾದರೂ ವಿಮಾನ ಹತ್ತುತ್ತೇನೆ. "ಎಷ್ಟು ಹೊತ್ತು ಬೇಕು?" ಅಂತ ಕೇಳುವವರಿಗೆ ನನ್ನ ಲೆಕ್ಕ ಇದು.

ನೇರ ಗೆರೆ ಎಳೆದರೆ ಬೆಂಗಳೂರು, ಮಂಗಳೂರಿನ ನಡುವೆ ಸುಮಾರು 300 ಕಿ.ಮೀ. ಶಿರಾಡಿ ಘಾಟಿ ಇಳಿದು ರಸ್ತೆಯಲ್ಲಿ ಹೋದರೆ 350ರ ಹತ್ತಿರ. ಟಿಕೆಟ್‌ನಲ್ಲಿ ಒಂದು ಗಂಟೆ ಐದು ನಿಮಿಷ ಅಂತಿರುತ್ತದೆ. ಆಕಾಶದಲ್ಲಿರುವುದು ಮುಕ್ಕಾಲು ಗಂಟೆಯಷ್ಟೇ. ಉಳಿದದ್ದು ರನ್‌ವೇ ತನಕ ಹೋಗುವುದಕ್ಕೆ, ಸರದಿ ಕಾಯುವುದಕ್ಕೆ. ರೆಕ್ಕೆಯಲ್ಲಿ ಫ್ಯಾನ್ ತಿರುಗುವ ಎಟಿಆರ್ ಸಿಕ್ಕಿದರೆ ಹತ್ತು ಹದಿನೈದು ನಿಮಿಷ ಜಾಸ್ತಿ. ನನಗೆ ಅದೇ ಇಷ್ಟ. ತಗ್ಗಿನಲ್ಲಿ ಹಾರುತ್ತದೆ. ಹಾಸನದ ಕಂದು ಹೊಲಗಳು ಮುಗಿದು ಸಕಲೇಶಪುರದ ಹಸಿರು ಶುರುವಾಗುವುದು ಕಿಟಕಿಯಲ್ಲೇ ಕಾಣುತ್ತದೆ.

ಆದರೆ ಹೊತ್ತು ಹೋಗುವುದೆಲ್ಲ ನೆಲದ ಮೇಲೆ. ಹತ್ತೂವರೆಯ ವಿಮಾನಕ್ಕೆ ನಾನು ಏಳು ಗಂಟೆಗೇ ಮನೆ ಬಿಡಬೇಕು. ದೇವನಹಳ್ಳಿ ತಲುಪುವುದಕ್ಕೇ ಒಂದೂವರೆ ಗಂಟೆ, ಹೆಬ್ಬಾಳದಲ್ಲಿ ಸಿಕ್ಕಿಕೊಂಡರೆ ಎರಡು. ಆ ಕಡೆ ಬಜ್ಪೆಯಲ್ಲಿ ಇಳಿದು, ಬ್ಯಾಗ್ ತೆಗೆದುಕೊಂಡು, ಬಿ.ಸಿ. ರೋಡ್ ದಾಟಿ ಪುತ್ತೂರಿಗೆ ಹೋಗುವಾಗ ಊಟದ ಹೊತ್ತೂ ಮೀರಿರುತ್ತದೆ. ಒಟ್ಟು ಆರೂವರೆ ಗಂಟೆ. ರಾತ್ರಿ ಬಸ್ಸು ಏಳೂವರೆ ಗಂಟೆಯಲ್ಲಿ ಪುತ್ತೂರಿಗೇ ಬಿಡುತ್ತದೆ, ನಿದ್ದೆಯೂ ಆಗುತ್ತದೆ. ಹಾಗಾಗಿ ಸುಮ್ನೆ ಊರಿಗೆ ಹೋಗುವುದಾದರೆ ಬಸ್ಸೇ ವಾಸಿ. ಯಲಹಂಕದಲ್ಲಿ ಮನೆ, ಮಂಗಳೂರು ಪೇಟೆಯಲ್ಲೇ ಕೆಲಸ ಅಂದರೆ ಲೆಕ್ಕ ಬೇರೆ. ಆಗ ಮೂರೂವರೆ ಗಂಟೆ ಸಾಕು, ಕಣ್ಣು ಮುಚ್ಚಿ ವಿಮಾನ ಹತ್ತಿ.

ಮಳೆಗಾಲದ ಮಾತು ಬೇರೆಯೇ. ಬಜ್ಪೆಯ ರನ್‌ವೇ ಇರುವುದು ಗುಡ್ಡದ ನೆತ್ತಿಯ ಮೇಲೆ. ಒಂದು ಜುಲೈಯಲ್ಲಿ ಮೋಡ ಸೀಳಿಕೊಂಡು ಇಳಿಯುತ್ತಿದ್ದೆವು. ಕೆಳಗೆ ತೆಂಗಿನ ತೋಟ, ಕೆಂಪು ಮಣ್ಣು ಕಂಡಿತು. ಅಷ್ಟರಲ್ಲಿ ಇಂಜಿನ್ ಗರ್ಜಿಸಿ ವಿಮಾನ ಮತ್ತೆ ಮೇಲೆದ್ದಿತು. ಎರಡು ಸುತ್ತು ಹೊಡೆದು ವಾಪಸ್ ಬೆಂಗಳೂರಿಗೇ ಬಂದಿಳಿಯಿತು. ಪೈಲಟ್ ಮಾಡಿದ್ದೇ ಸರಿ, ಅದರಲ್ಲಿ ನನಗೆ ದೂರಿಲ್ಲ. ಆದರೆ ಕೌಂಟರಿನಲ್ಲಿ ಮೂರು ಗಂಟೆ ಯಾರೂ ಏನೂ ಹೇಳದೆ ನಿಲ್ಲಿಸಿದ್ದು ಇನ್ನೂ ಬೇಸರವಿದೆ. ಅವತ್ತಿನಿಂದ ಮಳೆ ಹಿಡಿದರೆ ಅಮ್ಮನ ಫೋನ್ ಬರುತ್ತದೆ: "ಇಲ್ಲಿ ಮಳೆ ಜೋರುಂಟು ಮಗಾ, ಬಸ್ಸಿಗೇ ಬಾ."

ಬಸ್ಸಿಗೂ ಗ್ಯಾರಂಟಿ ಇಲ್ಲ ಅಲ್ವಾ? 2024ರ ಜುಲೈಯಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿಯಿತು, ಸಕಲೇಶಪುರ–ಸುಬ್ರಹ್ಮಣ್ಯದ ನಡುವೆ ರೈಲೂ ನಿಂತಿತು.

ಇಷ್ಟೆಲ್ಲ ಹೇಳಿದರೂ ಈ ವಿಮಾನ ಬೇಡ ಅಂತ ನಾನು ಯಾವತ್ತೂ ಹೇಳಲಾರೆ. ಹೋದ ವರ್ಷ ರಾತ್ರಿ ಎರಡು ಗಂಟೆಗೆ ಅಪ್ಪನಿಗೆ ಎದೆನೋವು. ಅವರನ್ನು ಮಂಗಳೂರಿನ ಆಸ್ಪತ್ರೆಗೆ ಸಾಗಿಸುತ್ತಿದ್ದಾಗಲೇ ನಾನು ದೇವನಹಳ್ಳಿಯ ದಾರಿಯಲ್ಲಿದ್ದೆ. ಖಾಲಿ ರಸ್ತೆ, ಮೊದಲ ವಿಮಾನ. ಒಂಬತ್ತು ಗಂಟೆಗೆ ಅಪ್ಪನ ಮಂಚದ ಪಕ್ಕ ನಿಂತಿದ್ದೆ. ಅವರು ಕಣ್ಣು ಬಿಟ್ಟು ಕೇಳಿದ್ದು ಒಂದೇ: "ಇಷ್ಟು ಬೇಗ ಹೇಗೆ ಬಂದದ್ದು ನೀನು?"